ಕೆಂಪು ಶಾಯಿ ಯಾರ ಮೇಲೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರದ ವಾಚಕರ ಅಂಕಣದಲ್ಲಿ ನಮ್ಮ ಕೊಡಗು ಜಿಲ್ಲೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಇಂಗ್ಲಿಷ್ ಭಾಷೆ ಹಾಳಾಗುತ್ತಿದೆ ಎಂದು ಮರುಗಿ ಬರೆದಿದ್ದಾರೆ. ಮೊಬೈಲ್ ಹಿಡಿದ ಮಕ್ಕಳು ಸ್ವರಾಕ್ಷರಗಳನ್ನೇ ನುಂಗಿಹಾಕುತ್ತಿದ್ದಾರೆ, ‘ಪ್ರಿಪೋನ್’ (ಮುಂಚೆಗೆ ಹಾಕು) ಎಂಬಂತಹ ನಾಟಿ ಪದಗಳು ಸುತ್ತೋಲೆಗಳಿಗೂ ನುಗ್ಗಿವೆ, ಒಬ್ಬನೇ ವ್ಯಕ್ತಿಗೆ ‘ದೇ’ ಎಂಬ ಬಹುವಚನ ಹಚ್ಚುವ ಹುಚ್ಚು ಹಬ್ಬಿದೆ, ಆಕ್ಸ್‌ಫರ್ಡ್ ನಿಘಂಟಿನವರೇ ನಮ್ಮ ‘ಅಯ್ಯೋ’ಗೆ ಮಣೆ ಹಾಕಿದ ಮೇಲೆ ಇನ್ನು ಕೇಳುವವರು ಯಾರು ಎಂಬುದು ಅವರ ಸಂಕಟ. ಬ್ರಿಟಿಷರ ಕಾಲದಲ್ಲಿ ಮಡಿಕೇರಿಯಲ್ಲಿ ಓದಿದವರ ಇಂಗ್ಲಿಷ್ ಹೇಗಿತ್ತು, ಈಗ ಹೇಗಾಗಿದೆ ಎಂದು ಹೋಲಿಸಿ ಪತ್ರ ಮುಗಿಸಿದ್ದಾರೆ. ಮಕ್ಕಳ ಮೇಲಿನ ಅವರ ಕಾಳಜಿ ದೊಡ್ಡದು. ಆದರೆ ಅವರು ಬೈದದ್ದು ಬೈಯಬೇಕಾದವರನ್ನಲ್ಲ ಎಂಬುದು ನನ್ನ ತಕರಾರು.

ನಾನು ಮೇಷ್ಟರಲ್ಲ. ಸುಂಟಿಕೊಪ್ಪದ ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿ ದುಡಿದು ನಿವೃತ್ತನಾದವನು. ಹೊರಜಿಲ್ಲೆಯ ಓದುಗರಿಗಾಗಿ ಹೇಳುತ್ತೇನೆ, ತೋಟದ ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ. ಬೆಳಗಿನ ಹಾಜರಿ ಹಿಡಿಯುವುದು, ಚೆಕ್‌ರೋಲ್ ಎಂಬ ಕೂಲಿ ಪುಸ್ತಕ ತುಂಬುವುದು, ಗೊಬ್ಬರ ಮತ್ತು ಡೀಸೆಲ್ ಲೆಕ್ಕ ಇಡುವುದು, ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ಎಷ್ಟು, ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಎಷ್ಟು ಎಂದು ಮೂಟೆ ಎಣಿಸುವುದು ಅವನ ಕೆಲಸ. ಇವುಗಳ ಜೊತೆಗೆ ತೋಟದ ಪತ್ರವ್ಯವಹಾರವೆಲ್ಲ ಅವನ ತಲೆಯ ಮೇಲೆ. ಅದು ಅಂದೂ ಇಂಗ್ಲಿಷಿನಲ್ಲಿತ್ತು, ಇಂದೂ ಇಂಗ್ಲಿಷಿನಲ್ಲಿದೆ. ನಾನು ಆ ಭಾಷೆ ಕಲಿತದ್ದು ಶಾಲೆಯಲ್ಲಿ ಸ್ವಲ್ಪ, ಕಚೇರಿಯ ಟೈಪ್‌ರೈಟರ್ ಮುಂದೆ ಹಿರಿಯ ರೈಟರ್ ಒಬ್ಬರ ಗದರಿಕೆ ಕೇಳುತ್ತ ಬಹಳ.

ಆ ಕಚೇರಿಯ ಬೀರುವಿನಲ್ಲಿ ಬಿಳಿ ದೊರೆಗಳ ಕಾಲದ ಪತ್ರಗಳ ನಕಲು ಪುಸ್ತಕಗಳಿದ್ದವು. ತೆಳು ಕಾಗದ, ಹಿಂಬದಿಗೆ ಇಳಿದ ನೇರಳೆ ಶಾಯಿ. ಮಳೆಗಾಲ ಮುಗಿಯುವಷ್ಟರಲ್ಲಿ ರಟ್ಟಿನ ಮೇಲೆ ಬೂಸ್ಟು ಕಟ್ಟಿರುತ್ತಿತ್ತು. ಬಿಸಿಲು ಬಿದ್ದ ದಿನ ಅವನ್ನು ಕಣದಲ್ಲಿ ಹರವಿ ಒರೆಸುವುದು ಕಿರಿಯವನಾದ ನನ್ನ ಪಾಲಿಗೆ ಬರುತ್ತಿತ್ತು, ಒರೆಸುತ್ತ ಓದುತ್ತಿದ್ದೆ. ಈ ತಿಂಗಳ ಐದನೆಯ ತಾರೀಖು ಎನ್ನಲು ‘ಫಿಫ್ತ್ ಇನ್‌ಸ್ಟಂಟ್’, ಹೋದ ತಿಂಗಳದ್ದಾದರೆ ‘ಅಲ್ಟಿಮೊ’, ಬರುವ ತಿಂಗಳದ್ದಾದರೆ ‘ಪ್ರಾಕ್ಸಿಮೊ’. ಯಾರಿಗೂ ಟೋಪಿ ತೆಗೆಯದ ದೊರೆ ಮಂಗಳೂರಿನ ಯಾವುದೋ ಗುಮಾಸ್ತನಿಗೆ ಬರೆದ ಪತ್ರದ ಕೊನೆಯಲ್ಲೂ ‘ನಿಮ್ಮ ಅತ್ಯಂತ ವಿಧೇಯ ಸೇವಕ’ ಎಂಬರ್ಥದ ಇಂಗ್ಲಿಷ್ ಸಾಲಿನ ಕೆಳಗೆ ಸಹಿ ಹಾಕುತ್ತಿದ್ದ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಈ ಶೈಲಿ ಅರ್ಧ ಸತ್ತಿತ್ತು, ಇ-ಮೇಲ್ ಬಂದ ಮೇಲೆ ಪೂರ್ತಿ ಹೋಯಿತು. ಅದಕ್ಕಾಗಿ ಯಾರೂ ಪತ್ರಿಕೆಗೆ ಬರೆದು ಅತ್ತದ್ದು ನಾನು ಕಂಡಿಲ್ಲ. ಮೂಟೆಗಳು ಮುಂಚಿನಂತೆಯೇ ಲೆಕ್ಕಕ್ಕೆ ಸರಿಯಾಗಿ ತಲುಪಿದವು.

ಬ್ರಿಟಿಷರ ಕಾಲದ ಶುದ್ಧ ಇಂಗ್ಲಿಷ್ ಎನ್ನುತ್ತಾರೆ. ಆ ಶುದ್ಧ ನಾಲಿಗೆಯೇ ಕೊಡಗನ್ನು ಕೂರ್ಗ್ ಮಾಡಿದ್ದು, ಮಡಿಕೇರಿಯನ್ನು ಮರ್ಕೆರಾ ಮಾಡಿದ್ದು, ಅದಿರಲಿ. ಶುದ್ಧಿಯ ಆ ಕಾಲ ಯಾವುದೆಂದು ಹುಡುಕಿಕೊಂಡು ಹೊರಟರೆ ಅದು ಕೈಗೇ ಸಿಗುವುದಿಲ್ಲ. ಗಲಿವರನ ಪ್ರವಾಸಗಳನ್ನು ಬರೆದ ಜೊನಾಥನ್ ಸ್ವಿಫ್ಟ್ 1712ರಲ್ಲೇ ಬ್ರಿಟನ್ನಿನ ಖಜಾನೆಯ ಹೊಣೆ ಹೊತ್ತಿದ್ದ ಆಕ್ಸ್‌ಫರ್ಡ್‌ನ ಅರ್ಲ್‌ಗೆ ಉದ್ದನೆಯ ಪತ್ರವೊಂದನ್ನು ಬರೆದು ಅಚ್ಚು ಹಾಕಿಸಿದ. ನಮ್ಮ ಭಾಷೆ ಕೆಡುತ್ತಿದೆ, ಪಂಡಿತರ ಮಂಡಳಿಯೊಂದನ್ನು ಮಾಡಿ ಅದನ್ನು ತಿದ್ದಿ ಶಾಶ್ವತವಾಗಿ ಒಂದು ರೂಪದಲ್ಲಿ ನಿಲ್ಲಿಸಿ ಎಂಬುದು ಅವನ ಅಹವಾಲು. ಫ್ರಾನ್ಸಿನಲ್ಲಿ ಅಂತಹ ಅಕಾಡೆಮಿ 1635ರಲ್ಲೇ ಹುಟ್ಟಿತ್ತು. ಪತ್ರಕ್ಕೆ ಎರಡು ವರ್ಷ ಮೊದಲು, 1710ರಲ್ಲಿ, ಪತ್ರಿಕೆಯೊಂದರಲ್ಲಿ ಅವನು ಪದಗಳನ್ನು ಮೊಟಕುಗೊಳಿಸುವವರ ಮೇಲೆ ಹರಿಹಾಯ್ದಿದ್ದ. ಅವನಿಗೆ ಸಹಿಸಲಾಗದ ಪದಗಳಲ್ಲಿ ದೊಂಬಿಯ ಗುಂಪು ಎಂಬರ್ಥದ ‘ಮಾಬ್’ ಒಂದು. ಲ್ಯಾಟಿನ್ನಿನ ‘ಮೊಬಿಲೆ ವಲ್ಗಸ್’ ಎಂಬುದರ ಬಾಲ ಕಡಿದು ಉಳಿಸಿಕೊಂಡ ತುಂಡು ಅದು. ಇಂದು ಅದೇ ತುಂಡು ನಮ್ಮ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಗಂಭೀರವಾಗಿ ಕುಳಿತಿದೆ. ಅವನ ಇನ್ನೊಂದು ಸಿಟ್ಟು ‘ಡಿಸ್ಟರ್ಬ್ಡ್’ ಎಂಬ ಉಚ್ಚಾರದ ಮೇಲೆ. ಕೊನೆಯ ಸ್ವರ ನುಂಗದೆ ‘ಡಿಸ್ಟರ್ಬೆಡ್’ ಎಂದು ಪೂರ್ತಿ ಹೇಳಬೇಕು, ಇಲ್ಲವಾದರೆ ಕಿವಿಗೆ ಒರಟು ಎಂದು ಅವನ ವಾದ. ಮುಖ್ಯೋಪಾಧ್ಯಾಯರು ತಮ್ಮ ಸೇವಾವಧಿಯುದ್ದಕ್ಕೂ ಆ ಸ್ವರವನ್ನು ನುಂಗಿಯೇ ಪಾಠ ಮಾಡಿರುತ್ತಾರೆ. ಸ್ವಿಫ್ಟ್ ಏನಾದರೂ ಶಾಲಾ ತಪಾಸಣೆಗೆ ಬಂದಿದ್ದರೆ ವರದಿ ಚೆನ್ನಾಗಿರುತ್ತಿರಲಿಲ್ಲ.

ಅವನು ಬೇಡಿದ ಮಂಡಳಿ ಆಗಲಿಲ್ಲ. 1714ರಲ್ಲಿ ಆನ್ ರಾಣಿ ತೀರಿಕೊಂಡಳು, ಅರ್ಲ್‌ನ ಅಧಿಕಾರವೂ ಹೋಯಿತು. ಮುಂದೆ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಮಾಡಲು ಹೊರಟಾಗ, 1747ರಲ್ಲಿ, ಭಾಷೆಯನ್ನು ಕಟ್ಟಿ ನಿಲ್ಲಿಸುವ ಆಸೆ ಅವನಿಗೂ ಇತ್ತು. ನಿಘಂಟು ಮುಗಿದು 1755ರಲ್ಲಿ ಹೊರಬಂದಾಗ ಮುನ್ನುಡಿಯಲ್ಲಿ ಆ ಆಸೆಯನ್ನು ತಾನೇ ಅಲ್ಲಗಳೆದ. ಪದಗಳನ್ನು ಕೆಡದಂತೆ ಕಾಪಿಡುತ್ತೇನೆ ಎನ್ನುವ ನಿಘಂಟುಕಾರ ನಗೆಪಾಟಲಿಗೀಡಾಗುತ್ತಾನೆ, ಇದು ಗಾಳಿಗೆ ಚಾಟಿ ಬೀಸುವ ಕೆಲಸ ಎಂದ. ಒಂಬತ್ತು ವರ್ಷ ಪದಗಳ ಜೊತೆ ಗುದ್ದಾಡಿದವನ ಮಾತು ಅದು. ಆದರೆ ಅದೇ ಮುನ್ನುಡಿಯ ಕೊನೆಯ ಭಾಗದಲ್ಲಿ, ಓಡಿಸಲಾಗದ್ದನ್ನು ಕನಿಷ್ಠ ನಿಧಾನವಾದರೂ ಮಾಡೋಣ ಎಂದೂ ಹೇಳಿದ. ಈ ಎರಡನೆಯ ಮಾತು ನನಗೆ ಇಷ್ಟ. ಅದಕ್ಕೆ ಆಮೇಲೆ ಬರುತ್ತೇನೆ.

ತಮಾಷೆಯ ಪ್ರಸಂಗ ಇನ್ನೊಂದಿದೆ. ಕ್ಯಾಂಟರ್ಬರಿಯ ಡೀನ್, ಅಂದರೆ ಅಲ್ಲಿನ ದೊಡ್ಡ ಚರ್ಚಿನ ಮುಖ್ಯ ಪಾದ್ರಿ, ಹೆನ್ರಿ ಆಲ್ಫರ್ಡ್ 1864ರಲ್ಲಿ ‘ರಾಣಿಯ ಇಂಗ್ಲಿಷ್’ ಉಳಿಸಿ ಎಂದು ಪುಸ್ತಕ ಬರೆದರು. ವಾಷಿಂಗ್ಟನ್ ಮೂನ್ ಎಂಬಾತ ಆ ಪುಸ್ತಕದಲ್ಲೇ ತಪ್ಪು ಹೆಕ್ಕಿ ‘ಡೀನರ ಇಂಗ್ಲಿಷ್’ ಎಂಬ ಎದುರು ಪುಸ್ತಕ ತಂದ. ಅಂದಿನಿಂದ ಇಂದಿನವರೆಗೂ ಭಾಷಾಶುದ್ಧಿಯ ಪುಸ್ತಕ ಬರೆಯುವವರ ಬೆನ್ನ ಹಿಂದೆ ಒಬ್ಬ ಮೂನ್ ಇದ್ದೇ ಇರುತ್ತಾನೆ.

ಇನ್ನು ‘ದೇ’. ಈ ಪತ್ರದಲ್ಲಿ ನಾನು ಮುಖ್ಯೋಪಾಧ್ಯಾಯರನ್ನು ‘ಅವರು’ ಎಂದೇ ಬರೆಯುತ್ತಿದ್ದೇನೆ, ಅವರು ಎಷ್ಟು ಜನ ಎಂದು ಯಾವ ಓದುಗರೂ ಕೇಳಲಾರರು. ಒಬ್ಬರಿಗೆ ಬಹುವಚನ ಬಳಸುವುದು ಕನ್ನಡಿಗರಿಗೆ ಹಾಲು ಕುಡಿದಷ್ಟೇ ಸಲೀಸು. ಇಂಗ್ಲಿಷಿನವರಿಗೂ ಇದು ಹೊಸದಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ ‘ದೇ’ ಎನ್ನುವ ರೂಢಿ ಹದಿನಾಲ್ಕನೆಯ ಶತಮಾನದಿಂದ ಇದೆ. ಅಮೆರಿಕದ ಉಪಭಾಷಾ ಸಂಘ ಅದನ್ನು 2015ರ ವರ್ಷದ ಪದವೆಂದು ಆರಿಸಿದ್ದು, ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2019ಕ್ಕೆ ಆರಿಸಿದ್ದು ತೀರ ಈಚಿನ ಮಾತು. ಅದಕ್ಕಿಂತ ದೊಡ್ಡ ರಂಪ ‘ಯೂ’ ಪದಕ್ಕೆ ನಡೆದಿತ್ತು. ‘ಯೂ’ ಹುಟ್ಟಾ ಬಹುವಚನ. ಒಬ್ಬನಿಗೆ ‘ದೌ’ ಎನ್ನಬೇಕಿತ್ತು. ದೊಡ್ಡವರನ್ನು ಮೆಚ್ಚಿಸಲು ಒಬ್ಬನಿಗೇ ‘ಯೂ’ ಎನ್ನುವುದು ವ್ಯಾಕರಣಕ್ಕೂ ಧರ್ಮಕ್ಕೂ ದ್ರೋಹ ಎಂದು ಕ್ವೇಕರ್ ಎಂಬ ಕ್ರೈಸ್ತ ಪಂಥದ ಜಾರ್ಜ್ ಫಾಕ್ಸ್ ತನ್ನಿಬ್ಬರು ಸಂಗಡಿಗರೊಡನೆ 1660ರಲ್ಲಿ ಹತ್ತಾರು ಭಾಷೆಗಳ ಏಕವಚನ ಬಹುವಚನಗಳನ್ನು ಮುಂದಿಟ್ಟು ದಪ್ಪನೆಯ ಪುಸ್ತಕವನ್ನೇ ಪ್ರಕಟಿಸಿದ. ವಾದ ಗಟ್ಟಿಯಾಗಿಯೇ ಇತ್ತು. ಜನ ಕೇಳಲಿಲ್ಲ. ಇಂದು ಶಾಲೆಯಲ್ಲಿ ಹುಡುಗನೊಬ್ಬ ಮೇಷ್ಟರಿಗೆ ‘ದೌ’ ಎಂದರೆ ಅವನನ್ನು ನೇರ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ.

ಕನ್ನಡದಲ್ಲೇನು ಕಡಿಮೆ ನಡೆದಿದೆಯೇ? ಪಂಪನ ಪಾಲು ನಮಗೆ ಹಾಲಾಯಿತು, ಪುಲಿ ಹುಲಿಯಾಯಿತು, ೞಕಾರ ಅಚ್ಚಿನ ಮೊಳೆಯಿಂದಲೇ ಮಾಯವಾಯಿತು. ಕೊಡವ ಭಾಷೆ ಆ ಪಕಾರವನ್ನು ಬಿಡಲಿಲ್ಲ. ಅದಕ್ಕೇ ಒಂದೇ ಸುಗ್ಗಿ ಹಬ್ಬ ಕೊಡವರ ಮನೆಯಲ್ಲಿ ಪುತ್ತರಿ, ಪಕ್ಕದ ಕನ್ನಡದ ಮನೆಯಲ್ಲಿ ಹುತ್ತರಿ. ಕದಿರು ಎರಡೂ ಮನೆಗೂ ಬರುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಪೞಗನ್ನಡದ ಪ್ರಯೋಗಗಳು ಹೊಸ ಕಾವ್ಯಕ್ಕೆ ಸೊಗಸುವುದಿಲ್ಲ ಎಂದು ಹೇಳಿತ್ತು. ಅದಕ್ಕೆ ಕೊಟ್ಟ ಹೋಲಿಕೆಯನ್ನು ಮಾತ್ರ ಕುಟುಂಬಸ್ಥರು ಓದುವ ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ನನ್ನ ಮನೆಮಾತು ಕನ್ನಡದ ಒಳನುಡಿಯಾದ ಅರೆಭಾಷೆ. ಹೆಸರಿನಲ್ಲೇ ಅರ್ಧ ಮರ್ಯಾದೆ ಕಳೆದಿಟ್ಟಿದ್ದಾರೆ. ಶಾಲೆಯಲ್ಲಿ ಅದರ ಒಂದು ಪದ ಬಾಯಿಂದ ಬಿದ್ದರೆ ‘ಹರಕು ಕನ್ನಡ’ ಎಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. 2011ರಲ್ಲಿ ಸರ್ಕಾರ ಅದೇ ಭಾಷೆಗೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು. ಭಾಷೆ ಅದೇ, ನನ್ನ ಅಜ್ಜಿ ಆಡುತ್ತಿದ್ದುದೇ. ಈ ಅನುಭವ ಇದ್ದುದರಿಂದಲೋ ಏನೋ, ಯಾರಾದರೂ ‘ಭಾಷೆ ಕೆಟ್ಟಿತು’ ಎಂದಾಗ ನಾನು ಮೊದಲು ನೋಡುವುದು ಯಾರ ಬಾಯಿಯ ಭಾಷೆಯನ್ನು ಹೀಗೆನ್ನುತ್ತಿದ್ದಾರೆ ಎಂಬುದನ್ನು. ಹೆಚ್ಚಿನ ಸಲ ಅದು ಎಳೆಯರದ್ದು, ಇಲ್ಲವೇ ಕೂಲಿಯವರದ್ದು, ಇಲ್ಲವೇ ಕರಿಯರದ್ದು.

‘ಪ್ರಿಪೋನ್’ ವಿಚಾರಕ್ಕೆ ತೋಟದಲ್ಲಿ ನಡೆದದ್ದೊಂದನ್ನು ಹೇಳಲೇಬೇಕು. ಹೂಮಳೆ ಬೇಗ ಬಿದ್ದು ಹಣ್ಣು ಬೇಗ ಬಂದ ವರ್ಷ ಕೊಯ್ಲನ್ನು ಹದಿನೈದು ದಿನ ಮುಂಚೆ ಶುರು ಮಾಡಬೇಕಾಯಿತು. ಕಾನ್ವೆಂಟಿನಲ್ಲಿ ಓದಿ ಬಂದಿದ್ದ ಹೊಸ ಮ್ಯಾನೇಜರು ಆಳು ತರುವ ಮೇಸ್ತ್ರಿಗೆ ಶುದ್ಧ ಇಂಗ್ಲಿಷಿನಲ್ಲಿ ಚೀಟಿ ಕಳುಹಿಸಿದರು: ‘ಪಿಕಿಂಗ್ ಅಡ್ವಾನ್ಸ್ಡ್ ಬೈ ಟೂ ವೀಕ್ಸ್’. ಕೊಡಗಿನ ಯಾವ ತೋಟದಲ್ಲಾದರೂ ಅಡ್ವಾನ್ಸ್ ಎಂದರೆ ಆಳುಗಳಿಗೆ ಮುಂಗಡವಾಗಿ ಕೊಡುವ ದುಡ್ಡು, ಬೇರೆ ಅರ್ಥವೇ ಇಲ್ಲ. ಮಾರನೆಯ ಬೆಳಿಗ್ಗೆ ಮೇಸ್ತ್ರಿ ಎರಡು ವಾರದ ದುಡ್ಡು ಕೇಳಿಕೊಂಡು ಕಚೇರಿಯ ಜಗಲಿಯಲ್ಲಿ ಕುಳಿತಿದ್ದ. ಆಳು ಮಾತ್ರ ಒಬ್ಬರೂ ಬಂದಿರಲಿಲ್ಲ. ಮರುವರ್ಷದಿಂದ ಅಂತಹ ಚೀಟಿಗಳಲ್ಲಿ ‘ಪ್ರಿಪೋನ್ಡ್’ ಎಂದು ನಾನೇ ಟೈಪು ಮಾಡಿ ಸಹಿಗೆ ಇಡುತ್ತಿದ್ದೆ. ಮ್ಯಾನೇಜರು ಮೂಗು ಮುರಿದರು, ಸಹಿ ಹಾಕಿದರು. ಮುಖ್ಯೋಪಾಧ್ಯಾಯರಿಗೆ ಇನ್ನೊಂದು ಸಂಗತಿ ರುಚಿಸಬಹುದು. ಪೋಸ್ಟ್‌ಪೋನ್‌ಗೆ ಎದುರಾಗಿ ‘ಪ್ರಿಪೋನ್’ ಎಂಬ ಪದ ಬೇಕು, ಅದನ್ನು ಟಂಕಿಸಲು ಅಪ್ಪಣೆ ಕೊಡಿ ಎಂದು 1913ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಪಾದಕರಿಗೆ ಓದುಗರೊಬ್ಬರು ಪತ್ರ ಬರೆದಿದ್ದರು. ಅಮೆರಿಕದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಪದ ಬಾಳಿ ಬದುಕಿದ್ದು ನಮ್ಮ ದೇಶದಲ್ಲಿ. ಅಯ್ಯೋ ಪದವನ್ನು ಆಕ್ಸ್‌ಫರ್ಡ್‌ನವರು 2016ರಲ್ಲಿ ಸೇರಿಸಿಕೊಂಡದ್ದೂ ಜನ ಬಳಸುತ್ತಿದ್ದಾರೆ ಎಂಬ ಕಾರಣಕ್ಕೇ. ನಿಘಂಟಿನ ಕೆಲಸ ಹಾಜರಿ ಹಿಡಿಯುವುದು. ಬಂದವನ ಹೆಸರು ಬರೆಯಲೇಬೇಕು, ಅವನ ಮುಖ ರೈಟರಿಗೆ ಹಿಡಿಸಿತೇ ಇಲ್ಲವೇ ಎಂಬುದು ಅಲ್ಲಿ ಪ್ರಶ್ನೆಯಲ್ಲ.

ಇಷ್ಟು ಓದಿದವರು ನನ್ನನ್ನು ಏನು ಬೇಕಾದರೂ ನಡೆಯುತ್ತದೆ ಎನ್ನುವ ಪಂಗಡಕ್ಕೆ ಸೇರಿಸಬಹುದು. ಆ ಪಂಗಡದವಳು ನಮ್ಮ ಮನೆಯಲ್ಲೇ ಇದ್ದಾಳೆ. ಮೈಸೂರಿನಲ್ಲಿ ಭಾಷಾವಿಜ್ಞಾನ ಓದಿದ ತಂಗಿಯ ಮಗಳು. ‘ಮಾವ, ಭಾಷೆಯಲ್ಲಿ ತಪ್ಪು ಎಂಬುದೇ ಇಲ್ಲ, ಬದಲಾವಣೆ ಮಾತ್ರ ಇದೆ’ ಎನ್ನುತ್ತಾಳೆ. ತನ್ನ ಕೆಲಸದ ಅರ್ಜಿಯನ್ನು ಮಾತ್ರ ನನ್ನಿಂದ ಒಂದು ಪೂರ್ಣವಿರಾಮವನ್ನೂ ಬಿಡದೆ ಮೂರು ಸಲ ತಿದ್ದಿಸಿಕೊಂಡಳು. ನನಗೂ ಕೆಲವು ಬದಲಾವಣೆ ಸಹಿಸಲಾಗುವುದಿಲ್ಲ. ‘ಫೋರ್ಟ್‌ನೈಟ್’ ಎಂಬ ಒಳ್ಳೆಯ ಪದ ಸಾಯುತ್ತಿರುವುದು ನನ್ನ ದುಃಖ. ಹದಿನಾಲ್ಕು ರಾತ್ರಿ ಎಂಬ ಮಾತು ಸವೆದು ಆದ ಪದ ಅದು. ಅಮೆರಿಕದಲ್ಲಿ ಅದರ ಬಳಕೆ ಇಲ್ಲವೇ ಇಲ್ಲ ಎನ್ನಬೇಕು. ನಮ್ಮ ಮಕ್ಕಳಿಗೆ ಅದು ಬಂದೂಕು ಹಿಡಿದು ಆಡುವ ಮೊಬೈಲ್ ಆಟದ ಹೆಸರು. ಅದರ ಜಾಗಕ್ಕೆ ಬಂದ ‘ಬೈವೀಕ್ಲಿ’ ಎಂಬುದಕ್ಕೆ ವಾರಕ್ಕೆ ಎರಡು ಸಲ ಎಂದೂ ಅರ್ಥ, ಎರಡು ವಾರಕ್ಕೊಮ್ಮೆ ಎಂದೂ ಅರ್ಥ. ನಿಘಂಟುಗಳು ಎರಡನ್ನೂ ಕೊಡುತ್ತವೆ. ಬಟವಾಡೆ ‘ಬೈವೀಕ್ಲಿ’ ಎಂದು ಕಚೇರಿ ಗೋಡೆಗೆ ಅಂಟಿಸಿದ ದಿನ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ ಎದ್ದ ಗಲಾಟೆ ನೋಡಬೇಕಿತ್ತು. ವಾರಕ್ಕೆರಡು ಸಲ ಸಂಬಳ ಎಂದು ಒಂದು ಸಾಲಿನವರು ಕುಣಿದರೆ, ಇನ್ನೊಂದು ಸಾಲಿನವರು ತಲೆಯ ಮೇಲೆ ಕೈ ಹೊತ್ತರು. ಓದಿದವನಿಗೆ ಬರೆದವನ ಮಾತು ತಿಳಿಯದಂತೆ ಮಾಡುವ ಬದಲಾವಣೆ ಬಂದಾಗ ನಾನು ಜಾನ್ಸನ್ನನ ಪಕ್ಷ, ಆದಷ್ಟು ದಿನ ಅದನ್ನು ತಡೆದು ನಿಲ್ಲಿಸುವವನು. ಉಳಿದವುಗಳ ಗೊಡವೆ ನನಗಿಲ್ಲ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ನಾನು ನಿವೃತ್ತನಾಗುವ ಮುಂಚೆ, ಲೈನ್ ಮನೆಯ ಕಾರ್ಮಿಕರೊಬ್ಬರ ಮಗಳು ಒಂದು ಬೆಳಿಗ್ಗೆ ನನ್ನ ಮೊಬೈಲ್‌ಗೆ ಸಂದೇಶ ಕಳುಹಿಸಿದ್ದಳು. ‘ಸರ್ ಫಾದರ್ ಫೀವರ್ ಟುಡೇ ನಾಟ್ ಕಮಿಂಗ್ ಟುಮಾರೋ ಸೀ’. ಸಹಾಯಕ ಕ್ರಿಯಾಪದ ಇಲ್ಲ, ವಿರಾಮಚಿಹ್ನೆ ಇಲ್ಲ, ‘ಟುಮಾರೋ’ಗೆ ನಾಲ್ಕೇ ಅಕ್ಷರ. ಮುಖ್ಯೋಪಾಧ್ಯಾಯರ ಕೈಗೆ ಸಿಕ್ಕಿದ್ದರೆ ಪೂರ್ತಿ ಕೆಂಪು ಶಾಯಿ. ನಾನು ಒಮ್ಮೆ ನೋಡಿದೆ, ಹಾಜರಿಯಲ್ಲಿ ಕಾಯಿಲೆ ರಜೆ ಎಂದು ಗುರುತು ಹಾಕಿದೆ, ಕೆಲಸ ಮುಗಿಯಿತು.

ಅದೇ ಮನುಷ್ಯ ಕೆಲವು ವರ್ಷಗಳ ಮೇಲೆ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ವಿಮೆ ಇತ್ತು. ವಿಮಾ ಕಂಪನಿಯಿಂದ ಇಂಗ್ಲಿಷಿನಲ್ಲಿ ಪತ್ರ ಬಂತು. ಅದರ ಮುಖ್ಯ ಪ್ಯಾರಾದಲ್ಲಿ ಇದ್ದುದು ಒಂದೇ ವಾಕ್ಯ, ಹನ್ನೊಂದು ಸಾಲು. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ನಿಂದ ಶುರುವಾಗಿ, ‘ಹಿಯರಿನಬೋವ್’, ‘ದ ಸೆಡ್’, ‘ಫೇಲಿಂಗ್ ವಿಚ್’ ಎಂದೆಲ್ಲ ಸುತ್ತಿ, ‘ಡೀಮ್ಡ್ ಟು ಹ್ಯಾವ್ ಬೀನ್ ವಿತ್‌ಡ್ರಾನ್’ ಎಂದು ಮುಗಿಯುತ್ತಿತ್ತು. ಪಿಯುಸಿ ಓದುತ್ತಿದ್ದ ಮಗಳು ನಿಘಂಟು ತೆರೆದು ಒಂದೊಂದೇ ಪದದ ಅರ್ಥವನ್ನು ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು. ಎಲ್ಲ ಪದಗಳ ಅರ್ಥ ಸರಿ ಇತ್ತು. ಪತ್ರ ಏನು ಹೇಳುತ್ತಿದೆ ಎಂಬುದು ಮಾತ್ರ ಸಿಕ್ಕಿರಲಿಲ್ಲ. ಯಾವುದೋ ಮಾಹಿತಿಗಾಗಿ ಕಳುಹಿಸಿದ್ದಾರೆ ಎಂದುಕೊಂಡು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ದುಡ್ಡು ಇನ್ನೂ ಬರಲಿಲ್ಲವಲ್ಲ ಎಂದು ನನ್ನಲ್ಲಿಗೆ ತಂದು ತೋರಿಸಿದಾಗ ನಾನು ಬಿಡಿಸಿ ಓದಿದೆ. ಅಷ್ಟು ಸಾಲುಗಳ ಒಳಗೆ ಇದ್ದ ವಿಷಯ ಇಷ್ಟೇ: ಹದಿನೈದು ದಿನದೊಳಗೆ ವೈದ್ಯರ ಪ್ರಮಾಣಪತ್ರ ಕಳುಹಿಸಿ, ಇಲ್ಲವಾದರೆ ಹಣ ಸಿಗುವುದಿಲ್ಲ. ಹದಿನೈದು ದಿನ ಎಂದೋ ಕಳೆದಿತ್ತು.

ಆ ಪತ್ರದಲ್ಲಿ ಒಂದೂ ವ್ಯಾಕರಣ ದೋಷ ಇರಲಿಲ್ಲ. ಕಾಗುಣಿತ ಅಚ್ಚುಕಟ್ಟು. ‘ಪ್ರಿಪೋನ್’ ಇರಲಿಲ್ಲ, ‘ಅಯ್ಯೋ’ ಇರಲಿಲ್ಲ. ಅಯ್ಯೋ ಎನ್ನುವ ಕೆಲಸವನ್ನು ಓದುವವರಿಗೆ ಬಿಟ್ಟಿದ್ದರು. ಇಂಗ್ಲಿಷ್ ಕೆಟ್ಟಿದೆ ಎಂದು ಬರೆಯುವವರು ಇಂತಹ ಪತ್ರಗಳ ಬಗ್ಗೆ ಏಕೆ ಬರೆಯುವುದಿಲ್ಲ? ಸಾಲದ ನೋಟಿಸು, ಬೆಳೆ ವಿಮೆಯ ಷರತ್ತು, ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಇವುಗಳ ಮೇಲೆ ಯಾವ ಮೇಷ್ಟರ ಕೆಂಪು ಶಾಯಿಯೂ ಬಿದ್ದದ್ದನ್ನು ನಾನು ನೋಡಿಲ್ಲ. ಎಳೆಯ ಹುಡುಗಿ ನುಂಗಿದ ನಾಲ್ಕು ಅಕ್ಷರ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಂಪನಿಯವರು ನುಂಗಿದ್ದು ಮುರಿದ ಸೊಂಟದ ಹಣ.

ಬ್ರಿಟನ್ನಿನವರಿಂದ ಕಲಿಯಬೇಕೆಂದಿದ್ದರೆ ಇಲ್ಲಿ ಕಲಿಯಬಹುದಿತ್ತು. ಅಲ್ಲಿನ ಖಜಾನೆ ಇಲಾಖೆಯೇ ತನ್ನ ಸಿಬ್ಬಂದಿಯ ತಿರುಚು ಬರವಣಿಗೆಗೆ ಬೇಸತ್ತು ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಯಿಂದ ಸರಳ ಪದಗಳ ಕೈಪಿಡಿ ಬರೆಸಿ 1948ರಲ್ಲಿ ಹೊರತಂದಿತು. 1979ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಜನ ಸೇರಿ ಅರ್ಥವಾಗದ ಸರ್ಕಾರಿ ಫಾರಂಗಳನ್ನು ಚೂರುಚೂರು ಮಾಡಿ ಸರಳ ಇಂಗ್ಲಿಷಿಗಾಗಿ ಚಳವಳಿ ಹೂಡಿದರು. ಅಮೆರಿಕದಲ್ಲಿ ಸರ್ಕಾರಿ ಕಚೇರಿಗಳು ಜನರಿಗೆ ತಿಳಿಯುವಂತೆ ಬರೆಯಬೇಕೆಂದು 2010ರಲ್ಲಿ ಕಾಯ್ದೆಯೇ ಬಂತು. ಈ ಜಗಳ ಆಡುವಂಥದ್ದು. ನಮ್ಮ ಹೈಸ್ಕೂಲುಗಳ ಇಂಗ್ಲಿಷ್ ಪರೀಕ್ಷೆಯಲ್ಲೂ ಒಂದು ಪ್ರಬಂಧದ ಬದಲು ಇಂತಹ ನಿಜವಾದ ನೋಟಿಸೊಂದನ್ನು ಕೊಟ್ಟು, ಇದನ್ನು ನಿಮ್ಮ ತಂದೆತಾಯಿಗೆ ಕನ್ನಡದಲ್ಲಿ ನಾಲ್ಕು ಸಾಲಿನಲ್ಲಿ ತಿಳಿಸಿ, ಬಳಿಕ ಕಳುಹಿಸಿದವರಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಿರಿ ಎಂದು ಕೇಳಬಾರದೇಕೆ? ಅದಕ್ಕೆ ವ್ಯಾಕರಣವೂ ಬೇಕಾಗುತ್ತದೆ. ಮಕ್ಕಳಿಗೆ ಅದರ ಉಪಯೋಗ ಏನೆಂದೂ ಗೊತ್ತಾಗುತ್ತದೆ.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಸಂತೆಯ ದಿನ ಬೆಳಿಗ್ಗೆ ನಾನು ನಮ್ಮ ಮನೆಯ ಜಗಲಿಯಲ್ಲಿ ಕುಳಿತಿರುತ್ತೇನೆ. ಸುತ್ತಲಿನ ತೋಟದವರು ಸಾಮಾನಿಗೆ ಬರುವಾಗ ಇಂತಹ ಪತ್ರಗಳನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಓದಿ ಹೇಳುತ್ತೇನೆ, ಉತ್ತರ ಬರೆದುಕೊಡುತ್ತೇನೆ. ಈಚೆಗೆ ಪತ್ರ ಹೆಚ್ಚಿವೆ, ನನ್ನ ಕಣ್ಣು ಹಿಂದಿನಂತಿಲ್ಲ. ಕಾನೂನಿನ ಇಂಗ್ಲಿಷ್‌ನ ಹನ್ನೊಂದು ಸಾಲಿನ ವಾಕ್ಯವನ್ನು ಕತ್ತರಿಸಿ ಅನ್ವಯ ಮಾಡಬಲ್ಲ ವ್ಯಾಕರಣ ಬಲ್ಲವರೊಬ್ಬರು ಜೊತೆಗಿದ್ದರೆ ಬಹಳ ಉಪಕಾರ. ಮಡಿಕೇರಿ, ಕುಶಾಲನಗರ ಎರಡೂ ಕಡೆಯಿಂದ ಬಸ್ ಇದೆ. ಸುಂಟಿಕೊಪ್ಪದಲ್ಲಿ ಇಳಿದು ರೈಟರ್ ಮನೆ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಒಂಬತ್ತು ಗಂಟೆಯೊಳಗೆ ಬಂದರೆ ತಿಂಡಿ ನಮ್ಮಲ್ಲೇ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ತೋಟದ ರೈಟರ್, ಸುಂಟಿಕೊಪ್ಪ